ಪಾಯಿಂಟ್ ಮಾಡೋರನ್ನ ಬದಲಾಯಿಸಿದರೆ ನೀರು ಬರುತ್ತಾ?

ನವೆಂಬರ್ 18ರ ರಾತ್ರಿ ಢಾಕಾದಲ್ಲಿ ಭಾರತದ ಫುಟ್‌ಬಾಲ್ ತಂಡ ಬಾಂಗ್ಲಾದೇಶದ ಎದುರು 0-1ರಲ್ಲಿ ಸೋತಿತು. 22 ವರ್ಷದ ನಂತರ ಅವರು ನಮ್ಮನ್ನು ಸೋಲಿಸಿದ್ದು. ಕೊನೆಯ ವಿಸಿಲ್ ಊದಿ ಐದು ನಿಮಿಷ ಆಗಿರಲಿಲ್ಲ, ನಮ್ಮ ಆಫೀಸಿನ ಫುಟ್‌ಬಾಲ್ ವಾಟ್ಸಾಪ್ ಗ್ರೂಪಿನಲ್ಲಿ ಮೆಸೇಜ್ ಬಂತು: "ಖಾಲಿದ್ ಔಟ್." ಅದರ ಕೆಳಗೆ ಹದಿನೈದು ಥಂಬ್ಸ್ ಅಪ್.

ನನಗೂ ಹೊಟ್ಟೆ ಉರಿದಿತ್ತು. ನಾನೂ ಒಂದು ಥಂಬ್ಸ್ ಅಪ್ ಒತ್ತೋಣ ಅಂತ ಹೋದೆ. ಯಾಕೋ ಕೈ ತಡೆಯಿತು. ಅದೇ ಗ್ರೂಪಿನಲ್ಲಿ "ಔಟ್" ಅಂತ ಹುಡುಕಿದೆ. 2024ರ ಮಾರ್ಚ್ 26, ಗುವಾಹಟಿಯಲ್ಲಿ ಅಫ್ಘಾನಿಸ್ತಾನದ ಎದುರು 1-2ರಲ್ಲಿ ಸೋತ ದಿನ: "ಸ್ಟಿಮಾಚ್ ಔಟ್." 2025ರ ಜೂನ್ 10, ಹಾಂಗ್‌ಕಾಂಗ್ ಎದುರು 0-1ರಲ್ಲಿ ಸೋತ ದಿನ: "ಮನೋಲೋ ಔಟ್." ಮೊದಲನೆಯದನ್ನು ಬರೆದವನು ನಾನೇ! ಜೊತೆಗೆ ಮೂರು ಸಿಟ್ಟಿನ ಇಮೋಜಿ ಬೇರೆ.

ಒಂದೂವರೆ ವರ್ಷದಲ್ಲಿ ಮೂರು ಕೋಚ್, ಒಂದೇ ಘೋಷಣೆ. ಪ್ರೋಗ್ರಾಂ ಬರೆಯೋನು ನಾನು. ಇನ್‌ಪುಟ್ ಬದಲಾಯಿಸಿದರೂ ಮೂರು ಸಲ ಅದೇ ಎರರ್ ಬಂದರೆ ತಪ್ಪು ಇನ್‌ಪುಟ್‌ನಲ್ಲಿ ಇಲ್ಲ ಅಂತ ಮೊದಲ ವರ್ಷದ ಟ್ರೈನಿಗೂ ಗೊತ್ತಾಗುತ್ತೆ. ಫುಟ್‌ಬಾಲ್ ವಿಷಯ ಬಂದಾಗ ಮಾತ್ರ ನಮ್ಮಂಥ ಬುದ್ಧಿವಂತರಿಗೆ ಯಾಕೆ ಗೊತ್ತಾಗಲ್ಲ?

ಇದಕ್ಕೆ ಉತ್ತರ ನನಗೆ ಊರಲ್ಲಿ ಸಿಕ್ಕಿತು. ನಮ್ಮದು ಶಿರಾ ಕಡೆ. ನಾನು ಹೈಸ್ಕೂಲಿಗೆ ಬರೋ ಹೊತ್ತಿಗೆ ನಮ್ಮ ತೋಟದ ಬಾವಿ ಬತ್ತಿತ್ತು. ಅಪ್ಪ ಬೋರ್ ಕೊರೆಸಿದರು. ಪಾಯಿಂಟ್ ಮಾಡಿದವರು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ಎಲ್ಲ ನಡೆದರು. ನೀರು ಬಂತು, ಮೂರು ವರ್ಷಕ್ಕೆ ನಿಂತಿತು. "ಅವನಿಗೇನು ಬರುತ್ತೆ, ಮಣ್ಣು" ಅಂತ ಬೈದು ಬೇವಿನ ಕವೆಗೋಲು ಹಿಡಿಯೋ ಇನ್ನೊಬ್ಬರನ್ನ ಕರೆಸಿದರು. ಅದೂ ಬತ್ತಿತು. ಆಮೇಲೆ ಮಿಷಿನ್ ಹಿಡಿದುಕೊಂಡು ಬರೋ ಓದಿದವರು ಬಂದರು, ಅವರ ಫೀಸೂ ಜಾಸ್ತಿ. ನಾನು ಬಿಇ ಮುಗಿಸೋ ಹೊತ್ತಿಗೆ ನಮ್ಮ ಹೊಲದಲ್ಲಿ ಐದು ತೂತು, ಅಪ್ಪನ ಹೆಸರಲ್ಲಿ ಸೊಸೈಟಿ ಸಾಲ. ಪ್ರತಿ ಸಲ ಬದಲಾಗಿದ್ದು ಪಾಯಿಂಟ್ ಮಾಡೋರು ಮಾತ್ರ. ಊರ ಹಿಂದಿನ ಕೆರೆಯಲ್ಲಿ ಆಳುದ್ದ ಹೂಳು ತುಂಬಿತ್ತು. ಕೆರೆಗೆ ನೀರು ತರೋ ಹಳ್ಳವನ್ನು ಅಕ್ಕಪಕ್ಕದವರು ಒತ್ತುವರಿ ಮಾಡಿ ರಾಗಿ ಹಾಕಿದ್ದರು. ಅದನ್ನ ಯಾರೂ ಕೇಳಲಿಲ್ಲ. ಕೇಳಿದರೆ ಊರಲ್ಲಿ ದೊಡ್ಡೋರ ಜೊತೆ ಜಗಳ. ಪಾಯಿಂಟ್ ಮಾಡೋನನ್ನ ಬೈಯೋದು ಸುಲಭ, ಅವನು ಪರಊರಿನವನು.

ಇದೇ ಕಣ್ಣಿನಿಂದ ನಮ್ಮ ರಾಷ್ಟ್ರೀಯ ತಂಡವನ್ನು ನೋಡಿ.

ಇಗೋರ್ ಸ್ಟಿಮಾಚ್ 2019ರ ಮೇ ತಿಂಗಳಲ್ಲಿ ಬಂದರು. 1998ರ ವಿಶ್ವಕಪ್‌ನಲ್ಲಿ ಮೂರನೇ ಸ್ಥಾನ ಪಡೆದ ಕ್ರೊಯೇಷಿಯಾ ತಂಡದಲ್ಲಿ ಆಡಿದವರು. ಬಂದ ವರ್ಷವೇ ದೋಹಾದಲ್ಲಿ ಕತಾರ್ ಎದುರು 0-0 ಡ್ರಾ. 2023ರಲ್ಲಿ ನಮ್ಮದೇ ಕಂಠೀರವದಲ್ಲಿ ಸ್ಯಾಫ್ ಕಪ್ ಗೆದ್ದಾಗ ನಾನು ಸ್ಟ್ಯಾಂಡಿನಲ್ಲಿದ್ದೆ. ಕುವೈತ್ ಎದುರಿನ ಫೈನಲ್, ಪೆನಾಲ್ಟಿ ಶೂಟೌಟ್, 5-4. ಪಕ್ಕದಲ್ಲಿ ಕೂತಿದ್ದ ಗುರುತಿಲ್ಲದ ಮನುಷ್ಯನನ್ನ ತಬ್ಬಿಕೊಂಡು ಕುಣಿದಿದ್ದೆ. ಆ ತಿಂಗಳು ಭಾರತ ಫಿಫಾ ಪಟ್ಟಿಯಲ್ಲಿ 99ನೇ ಸ್ಥಾನಕ್ಕೆ ಬಂತು. ಸ್ಟಿಮಾಚ್ ಆಗ ದೇವರು.

ಎರಡೇ ತಿಂಗಳು. ಹಾಂಗ್‌ಝೌ ಏಷ್ಯನ್ ಗೇಮ್ಸ್‌ಗೆ ಕ್ಲಬ್‌ಗಳು ತಮ್ಮ ಪ್ರಮುಖ ಆಟಗಾರರನ್ನು ಬಿಟ್ಟುಕೊಡಲಿಲ್ಲ. ಸಿಕ್ಕಿದವರನ್ನು ಸೇರಿಸಿ ಮಾಡಿದ ತಂಡ ಪಂದ್ಯದ ಹಿಂದಿನ ಸಂಜೆ ಅಲ್ಲಿಗೆ ಇಳಿಯಿತು, ಮರುದಿನ ಚೀನಾ ಎದುರು 1-5ರಲ್ಲಿ ಸೋತಿತು. 2024ರ ಜನವರಿಯ ಏಷ್ಯನ್ ಕಪ್‌ನಲ್ಲಿ ಆಸ್ಟ್ರೇಲಿಯಾ, ಉಜ್ಬೇಕಿಸ್ತಾನ, ಸಿರಿಯಾ ಎದುರು ಮೂರು ಪಂದ್ಯ, ಮೂರು ಸೋಲು, ಸೊನ್ನೆ ಗೋಲು. ಜೂನ್ 11ಕ್ಕೆ ದೋಹಾದಲ್ಲಿ ಕತಾರ್ ಎದುರು 1-2. ಗೆರೆ ದಾಟಿ ಆಚೆ ಹೋದ ಚೆಂಡನ್ನು ಒಳಗೆಳೆದು ಹೊಡೆದ ಗೋಲು ಅವರಿಗೆ ದಕ್ಕಿತು, ಅದು ಬೇರೆ ಕಥೆ. ವಿಶ್ವಕಪ್ ಅರ್ಹತೆಯ ಮೂರನೇ ಸುತ್ತಿನ ಕನಸು ಅಲ್ಲಿಗೆ ಮುಗಿಯಿತು. ಜೂನ್ 17ಕ್ಕೆ ಸ್ಟಿಮಾಚ್ ವಜಾ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಿಬಿಡ್ತೀನಿ. ಸ್ಟಿಮಾಚ್ ಸಾಧು ಆಗಿರಲಿಲ್ಲ. ಮೂರನೇ ಸುತ್ತಿಗೆ ಒಯ್ಯದಿದ್ದರೆ ತಾನೇ ಹೋಗ್ತೀನಿ ಅಂದಿದ್ದರು, ಹೋಗಲಿಲ್ಲ. ಕಂಠೀರವದಲ್ಲೇ ಪಾಕಿಸ್ತಾನದ ಆಟಗಾರನ ಕೈಯಿಂದ ಚೆಂಡು ತಟ್ಟಿ ಬೀಳಿಸಿ ರೆಡ್ ಕಾರ್ಡ್ ತಿಂದರು, ಅದೇ ಟೂರ್ನಿಯಲ್ಲಿ ಇನ್ನೊಂದು ಸಲವೂ ತಿಂದರು. 2022ರಲ್ಲಿ ಅಫ್ಘಾನಿಸ್ತಾನದ ಪಂದ್ಯಕ್ಕೆ ಮುಂಚೆ ಆಟಗಾರರ ಪಟ್ಟಿಯನ್ನು ಜ್ಯೋತಿಷಿಯೊಬ್ಬರಿಗೆ ಕಳಿಸಿ ಕೇಳಿದ್ದರು ಅಂತ ಪತ್ರಿಕೆಯಲ್ಲಿ ವರದಿಯೂ ಬಂತು. ತೆಂಗಿನಕಾಯಿ ಹಿಡಿದು ನಡೆಯೋದು ನಮ್ಮೂರಿಗೆ ಮಾತ್ರ ಸೀಮಿತ ಅಲ್ಲ ನೋಡಿ! ಅವರು ಹೋಗಿದ್ದು ಅನ್ಯಾಯ ಅಂತ ನಾನು ಹೇಳ್ತಿಲ್ಲ. ಅವರು ಹೋದಾಗ ಬೇರೆ ಯಾರೂ ಹೋಗಲಿಲ್ಲ, ಅದು ಅನ್ಯಾಯ.

ಅವರ ಒಪ್ಪಂದ 2026ರ ವರೆಗೆ ಇತ್ತು. ಅದನ್ನು ವಿಸ್ತರಿಸಿದ್ದು ಇದೇ ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್, ವಜಾ ಮಾಡೋ ಎಂಟು ತಿಂಗಳ ಹಿಂದಷ್ಟೇ. ವಜಾ ಮಾಡಿದ ಮೇಲೆ ಲೆಕ್ಕ ಚುಕ್ತಾ ಮಾಡೋಕೆ 4 ಲಕ್ಷ ಡಾಲರ್ ಕೊಡಬೇಕಾಯಿತು ಅಂತ ವರದಿಗಳು ಹೇಳಿದವು. ಮೂರು ಕೋಟಿ ರೂಪಾಯಿಗೂ ಮೇಲೆ. ಅದರಲ್ಲಿ ಎಷ್ಟು ಜಿಲ್ಲೆಗಳಲ್ಲಿ ಮಕ್ಕಳ ಲೀಗ್ ನಡೆಸಬಹುದಿತ್ತು ಅಂತ ನಾವು ಕೇಳಲಿಲ್ಲ. "ಔಟ್" ಆದರಲ್ಲ, ಸಾಕು ಅಂತ ಮಲಗಿದೆವು.

ಆಮೇಲೆ ಮನೋಲೋ ಮಾರ್ಕೆಸ್. ಎಫ್‌ಸಿ ಗೋವಾ ಕೋಚ್ ಆಗಿದ್ದುಕೊಂಡೇ ದೇಶದ ತಂಡವನ್ನೂ ನೋಡಿಕೊಳ್ಳಿ ಅಂದರು. ಎರಡು ಪ್ರಾಜೆಕ್ಟಿಗೆ ಅರ್ಧರ್ಧ ಅಲೊಕೇಶನ್! ನಮ್ಮ ಮ್ಯಾನೇಜರ್‌ಗಳು ಮಾಡೋ ಕೆಲಸವನ್ನೇ ದೇಶದ ಮಟ್ಟದಲ್ಲಿ ಮಾಡಿದರು. ಎಂಟು ಪಂದ್ಯ, ಒಂದು ಗೆಲುವು, ಅದೂ ಮಾಲ್ಡೀವ್ಸ್ ಮೇಲೆ. ಆ ಗೆಲುವಿಗೂ ನಿವೃತ್ತಿ ಹೇಳಿದ್ದ 40 ವರ್ಷದ ಸುನೀಲ್ ಛೆಟ್ರಿಯನ್ನು ವಾಪಸ್ ಕರೆಯಬೇಕಾಯಿತು. 2024ನೇ ಇಸವಿಯಿಡೀ ಭಾರತ ಒಂದೇ ಒಂದು ಪಂದ್ಯ ಗೆಲ್ಲಲಿಲ್ಲ, ಸ್ಟಿಮಾಚ್ ಇದ್ದಾಗಲೂ ಇಲ್ಲ, ಅವರು ಹೋದ ಮೇಲೂ ಇಲ್ಲ. 2025ರ ಜುಲೈಯಲ್ಲಿ ಮನೋಲೋ ಹೋದರು.

ಆಗಸ್ಟಿನಲ್ಲಿ ಖಾಲಿದ್ ಜಮೀಲ್. ಐಜ್ವಾಲ್‌ನಂಥ ಸಣ್ಣ ಕ್ಲಬ್ಬನ್ನು 2017ರಲ್ಲಿ ಐ-ಲೀಗ್ ಚಾಂಪಿಯನ್ ಮಾಡಿದ ಮನುಷ್ಯ. ಬಂದ ಮರುತಿಂಗಳೇ ಕಾಫಾ ನೇಷನ್ಸ್ ಕಪ್‌ನಲ್ಲಿ ಒಮಾನ್ ತಂಡವನ್ನು ಪೆನಾಲ್ಟಿಯಲ್ಲಿ ಸೋಲಿಸಿ ಮೂರನೇ ಸ್ಥಾನ ತಂದರು. "ನಮ್ಮವನೇ ಬೇಕು ಗುರು, ಫಾರಿನ್ ಕೋಚ್ ಯಾಕೆ" ಅಂತ ನಮ್ಮ ಗ್ರೂಪು ಹಾಡಿ ಹೊಗಳಿತು. ಐದು ವಾರದ ನಂತರ ಮಡಗಾಂವ್‌ನಲ್ಲಿ ಸಿಂಗಪುರ ಎದುರು 1-2, 2027ರ ಏಷ್ಯನ್ ಕಪ್ ಬಾಗಿಲು ಮುಚ್ಚಿತು. ಢಾಕಾ ಸೋಲಿನ ನಂತರ ಫಿಫಾ ಪಟ್ಟಿಯಲ್ಲಿ 142. ಈಗ ಅದೇ ಗ್ರೂಪು "ಔಟ್" ಅಂತಿದೆ.

ಈ ಮೂವರಿಗೂ ಸಿಕ್ಕ ಕೆರೆ ಯಾವುದು? ಜುಲೈಯಲ್ಲಿ ಐಎಸ್‌ಎಲ್ ಸೀಸನ್ ತಡೆಹಿಡಿಯಲಾಯಿತು. ಲೀಗ್ ನಡೆಸೋ ಕಂಪನಿ ಜೊತೆಗಿನ 15 ವರ್ಷದ ಒಪ್ಪಂದ 2025ರ ಡಿಸೆಂಬರ್‌ನಲ್ಲಿ ಮುಗಿಯುತ್ತೆ ಅಂತ ಸಹಿ ಹಾಕಿದ ದಿನವೇ ಗೊತ್ತಿತ್ತು. ಆದರೂ ಮುಂದೇನು ಅನ್ನೋದಕ್ಕೆ ಉತ್ತರ ಇರಲಿಲ್ಲ. ಆಗಸ್ಟಿನಲ್ಲಿ ನಮ್ಮ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಸಂಬಳ ನಿಲ್ಲಿಸಿತು. ನವೆಂಬರಿನಲ್ಲಿ ಹೊಸ ಟೆಂಡರ್ ಕರೆದರೆ ಒಬ್ಬರೂ ಬಿಡ್ ಹಾಕಲಿಲ್ಲ. ಸಂಬಳ ಬರುತ್ತಾ, ಲೀಗ್ ಇರುತ್ತಾ ಅಂತ ಗೊತ್ತಿಲ್ಲದ ಹುಡುಗರನ್ನು ಕರೆದುಕೊಂಡು ಕೋಚ್ ಢಾಕಾಗೆ ಹೋದರು. ಲೀಗ್ ನಡೆದಾಗಲೂ ಒಂದು ತಂಡದಲ್ಲಿ ಏಕಕಾಲಕ್ಕೆ 4 ವಿದೇಶಿಯರು ಆಡಬಹುದು, ಗೋಲು ಹೊಡೆಯೋ ಜಾಗ ಹೆಚ್ಚಾಗಿ ಅವರದ್ದೇ. ಛೆಟ್ರಿ ಆದಮೇಲೆ ಯಾರು ಅನ್ನೋ ಪ್ರಶ್ನೆಗೆ ಉತ್ತರ ಕೋಚ್‌ನ ಜೇಬಲ್ಲಿ ಎಲ್ಲಿಂದ ಬರುತ್ತೆ?

"ಹಾಗಾದ್ರೆ ಕೋಚ್‌ಗೆ ಜವಾಬ್ದಾರಿನೇ ಇಲ್ವಾ? ಸೋತರೆ ಎಲ್ಲ ದೇಶದಲ್ಲೂ ತೆಗೀತಾರೆ" ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಉತ್ತರಕ್ಕೆ ಉಜ್ಬೇಕಿಸ್ತಾನ ನೋಡಿ. ಏಷ್ಯನ್ ಕಪ್‌ನಲ್ಲಿ ನಮ್ಮನ್ನು 3-0 ಹೊಡೆದ ತಂಡ. ವಿಶ್ವಕಪ್ ಅರ್ಹತಾ ಪಂದ್ಯಗಳ ನಡುವೆಯೇ, 2025ರ ಜನವರಿಯಲ್ಲಿ, ಅವರ ಕೋಚ್ ಕಟಾನೆಟ್ಸ್ ಅನಾರೋಗ್ಯದಿಂದ ಬಿಟ್ಟು ಹೋದರು. ಅಲ್ಲೇ ಇದ್ದ ತಿಮೂರ್ ಕಪಾಡ್ಜೆ ಕೈಗೆ ತಂಡ ಬಂತು. ಜೂನ್‌ನಲ್ಲಿ ಅವರು ಇತಿಹಾಸದಲ್ಲೇ ಮೊದಲ ಸಲ ವಿಶ್ವಕಪ್‌ಗೆ ಅರ್ಹತೆ ಪಡೆದರು. ಕೋಚ್ ಹೋದರೂ ತಂಡ ಬೀಳಲಿಲ್ಲ. ಯಾಕೆಂದರೆ ಅವರು 2023ರಲ್ಲಿ 20 ವರ್ಷದೊಳಗಿನವರ ಏಷ್ಯನ್ ಕಪ್ ಗೆದ್ದಿದ್ದರು, 2025ರಲ್ಲಿ 17 ವರ್ಷದೊಳಗಿನವರದ್ದೂ ಗೆದ್ದರು. ಕೆರೆ ತುಂಬಿತ್ತು. ತುಂಬಿದ ಕೆರೆ ಪಕ್ಕ ಯಾರು ಪಾಯಿಂಟ್ ಮಾಡಿದರೂ ನೀರು ಬರುತ್ತೆ. ಅಂಥ ದೇಶ ಕೋಚ್ ಬದಲಾಯಿಸಿದರೆ ಅದಕ್ಕೊಂದು ಅರ್ಥ ಇದೆ.

ನಮಗೂ ಒಂದು ಕಾಲಕ್ಕೆ ಕೆರೆ ಇತ್ತು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಭಾರತ ಯುಗೊಸ್ಲಾವಿಯಾ ಎದುರು ಸೋತಿದ್ದು 1-10. ಹೌದು, ಹತ್ತು. ಆ ಒಂದು ಗೋಲು ಹೊಡೆದಿದ್ದು ನಮ್ಮ ಬೆಂಗಳೂರಿನ ಅಹ್ಮದ್ ಖಾನ್. ಕೋಚ್ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್. ಆಗ ವಾಟ್ಸಾಪ್ ಇದ್ದಿದ್ದರೆ ರಹೀಮ್ ಸಾಹೇಬರು ಭಾರತಕ್ಕೆ ಬಂದು ಇಳಿಯೋ ಮುಂಚೆಯೇ ನಾವು "ಔಟ್" ಮಾಡಿರುತ್ತಿದ್ದೆವು. ನಾಲ್ಕು ವರ್ಷದ ನಂತರ ಮೆಲ್ಬರ್ನ್‌ಗೆ ತಂಡ ಕರೆದುಕೊಂಡು ಹೋಗಿ ಒಲಿಂಪಿಕ್ಸ್ ಸೆಮಿಫೈನಲ್ ಮುಟ್ಟಿಸಿದವರು ಅವರೇ. 1962ರಲ್ಲಿ ಜಕಾರ್ತಾ ಏಷ್ಯನ್ ಗೇಮ್ಸ್ ಚಿನ್ನ ತಂದವರೂ ಅವರೇ. ಆ ತಂಡದಲ್ಲೂ ನಮ್ಮ ಬೆಂಗಳೂರಿನ ಅರುಮೈನಾಯಗಂ ಇದ್ದರು. ಹಲಸೂರಿನ ಗೌತಮಪುರ, ಆಸ್ಟಿನ್ ಟೌನ್ ಗಲ್ಲಿಗಳಲ್ಲಿ ಆಗ ಫುಟ್‌ಬಾಲ್ ಇತ್ತು. ಗೌತಮಪುರದಲ್ಲಿ ಈಗಲೂ ಪೆಲೆ ಪ್ರತಿಮೆ ಇದೆ. ನಾವು ಅಲ್ಲಿಗೆ ಹೋಗೋದು ಯೂಟ್ಯೂಬ್ ರೀಲ್ ನೋಡಿದ ಮೇಲೆ ಫೋಟೋ ತೆಗೆಸಿಕೊಳ್ಳೋಕೆ.

ನನಗೆ ಈ ವಿಷಯ ಇಷ್ಟು ಚುಚ್ಚೋಕೆ ಇನ್ನೊಂದು ಕಾರಣ ಇದೆ. ಅಕ್ಕನ ಮಗ, ಹದಿಮೂರು ವರ್ಷ, ಊರಲ್ಲೇ ಓದ್ತಾನೆ. ಎಡಗಾಲಲ್ಲಿ ಚೆಂಡು ಹೊಡೆದರೆ ಕಣ್ಣಿಗೆ ಹಬ್ಬ. ಈ ವರ್ಷ ಅವನ ಸ್ಕೂಲು ತಾಲ್ಲೂಕು ಮಟ್ಟದ ಟೂರ್ನಿಗೆ ಹೋಯಿತು. ನಾಕೌಟ್. ಮೊದಲ ಪಂದ್ಯದಲ್ಲೇ ಸೋತರು. ಅಷ್ಟೇ, ಅವನ ಫುಟ್‌ಬಾಲ್ ವರ್ಷ ಮುಗಿಯಿತು. ವರ್ಷಕ್ಕೆ ಒಂದು ಪಂದ್ಯ!

ದೀಪಾವಳಿಗೆ ಹೋದಾಗ ಕೇಳಿದ: "ಮಾವ, ಬೆಂಗಳೂರಿಗೆ ಬಂದ್ರೆ ಎಲ್ಲಿ ಆಡ್ಲಿ?"

ನಮ್ಮ ಏರಿಯಾದ ಅಕಾಡೆಮಿಯ ತಿಂಗಳ ಫೀಸು ಹೇಳಿದರೆ ಅಕ್ಕ ಹೌಹಾರುತ್ತಾಳೆ. ನಾನು ಮಾತು ಮರೆಸಿದೆ. ಆ ಹುಡುಗ ಮುಂದೆ ಯಾವತ್ತಾದರೂ ಭಾರತ ತಂಡದ ಕೋಚ್ ಕಣ್ಣಿಗೆ ಬೀಳೋ ದಾರಿ ಯಾವುದು, ಹೇಳಿ. ಖಾಲಿದ್ ಇದ್ದರೂ ಬೀಳಲ್ಲ, ಖಾಲಿದ್ ಹೋಗಿ ನಾಳೆ ಗ್ವಾರ್ಡಿಯೋಲಾ ಬಂದರೂ ಬೀಳಲ್ಲ.

"ಕೋಚ್ ಔಟ್" ಅನ್ನೋ ಘೋಷಣೆ ಫೆಡರೇಶನ್‌ಗೆ ತೊಂದರೆ ಕೊಡುತ್ತೆ ಅಂತ ನಾವು ಅಂದುಕೊಂಡಿದ್ದೀವಿ. ಇಲ್ಲ ಸ್ವಾಮಿ, ಅದು ಅವರಿಗೆ ನಾವು ಕೊಡೋ ಉಡುಗೊರೆ. ಒಂದು ಪತ್ರಿಕಾ ಪ್ರಕಟಣೆ, ಒಬ್ಬ ಮನುಷ್ಯ ಮನೆಗೆ, ಆರು ತಿಂಗಳು ಹೊಸ ಆಸೆ. ನೇಮಿಸಿದವರು, ಕ್ಯಾಲೆಂಡರ್ ಮಾಡಿದವರು, ಒಪ್ಪಂದ ಮುಗಿಯೋದನ್ನ ನೋಡ್ತಾ ಕೂತವರು ಯಾರೂ ಸೋತಿಲ್ಲ. ಕುರ್ಚಿ ಅಲ್ಲೇ ಇದೆ. ನಮ್ಮ ಆಫೀಸುಗಳಲ್ಲೂ ಇದನ್ನೇ ನೋಡಿದ್ದೀವಲ್ಲ? ನಾನು ಹಿಂದೆ ಇದ್ದ ಒಂದು ಕಂಪನಿಯಲ್ಲಿ ರಿಲೀಸ್ ಬಿದ್ದುಹೋದಾಗಲೆಲ್ಲ ಡೆಲಿವರಿ ಮ್ಯಾನೇಜರ್ ಬದಲಾಗುತ್ತಿದ್ದರು, ಟೆಸ್ಟಿಂಗ್‌ಗೆ ಜನ ಕೊಡಿ ಅನ್ನೋ ಮೇಲ್‌ಗೆ ಮಾತ್ರ ಉತ್ತರ ಬರುತ್ತಿರಲಿಲ್ಲ. ಮೂರನೇ ಮ್ಯಾನೇಜರ್ ಹೋದ ದಿನ ನಾವೆಲ್ಲ ಕ್ಯಾಂಟೀನಲ್ಲಿ ನಕ್ಕಿದ್ದೆವು. ಅಲ್ಲಿ ಅರ್ಥ ಆಗಿದ್ದು ಸ್ಟೇಡಿಯಂನಲ್ಲಿ ಯಾಕೆ ಮರೆತುಹೋಗುತ್ತೆ?

ಕೂಗಬೇಡಿ ಅಂತಿಲ್ಲ. ಕೂಗೋದನ್ನ ಬದಲಾಯಿಸೋಣ. ಲೀಗ್ ಕ್ಯಾಲೆಂಡರ್ ಎಲ್ಲಿ? ಜಿಲ್ಲೆಗೊಂದು ಮಕ್ಕಳ ಲೀಗ್ ಎಲ್ಲಿ, ವರ್ಷಕ್ಕೆ ಕನಿಷ್ಠ ಇಪ್ಪತ್ತು ಪಂದ್ಯ ಸಿಗೋ ಹಾಗೆ? ಕೋಚ್‌ನ ಒಪ್ಪಂದಕ್ಕೆ ಸಹಿ ಹಾಕಿದವರ ಹೆಸರು, ವಜಾ ಮಾಡಿದಾಗ ಕೊಟ್ಟ ದುಡ್ಡಿನ ಲೆಕ್ಕ ಎಲ್ಲಿ? ಇದಕ್ಕೆಲ್ಲ ಉತ್ತರ ಬಂದ ಮೇಲೂ ತಂಡ ಸೋತರೆ, ಕೋಚ್ ಯಾರೇ ಇರಲಿ, ತೆಗೀರಿ ಅಂತ ನಾನೇ ಮೊದಲು ಬ್ಯಾನರ್ ಹಿಡಿದು ನಿಲ್ತೀನಿ.

ಊರಿನ ಕಥೆ ಅರ್ಧಕ್ಕೆ ಬಿಟ್ಟಿದ್ದೆ. ಕಡೆಗೂ ಒಂದಷ್ಟು ಜನ ಜಗಳ ಆಡಿಯೇ ಹಳ್ಳದ ಒತ್ತುವರಿ ಬಿಡಿಸಿದರು, ಕೆರೆ ಹೂಳು ಎತ್ತಿಸಿದರು. 2022ರ ಮಳೆಗೆ ಕೆರೆ ಕೋಡಿ ಬಿತ್ತು. ಮರುವರ್ಷ ಅಪ್ಪ ಹಳೇ ಮೋಟರ್ ಇಳಿಸಿ ನೋಡಿದರೆ ಮೊದಲನೇ ಬೋರ್‌ನಲ್ಲೇ ಎರಡಿಂಚು ನೀರು. ಅದೇ, ತೆಂಗಿನಕಾಯಿಯವರು ತೋರಿಸಿದ್ದು.

ಅಪ್ಪ ಸ್ವಲ್ಪ ಹೊತ್ತು ಸುಮ್ಮನೆ ನೋಡ್ತಾ ನಿಂತಿದ್ದರು. ಆಮೇಲೆ ಅಂದರು, "ಅವನನ್ನ ಸುಮ್ನೆ ಬೈದ್ವಲ್ಲೋ."