ಅಮ್ಮನ ದನಿಗೆ ಇಸ್ತ್ರಿ

ಮೊನ್ನೆ ಊರಿಗೆ ಹೋದಾಗ ಅಮ್ಮನ ಕೈಲಿ ಜೋಗುಳ ಹಾಡಿಸಿ ರೆಕಾರ್ಡ್ ಮಾಡ್ಕೊಂಡು ಬಂದೆ. ಅದಕ್ಕೆ ನನ್ನ ಗಿಟಾರ್ ಸೇರಿಸಿದ ಮೇಲೆ ಶುರುವಾಯ್ತು ನೋಡಿ, ಪ್ಲಗಿನ್ ಹುಚ್ಚು! ಕಂಪ್ರೆಸರ್ ಹಾಕಿದೆ, ದನಿಯ ಏರಿಳಿತ ತಗ್ಗಿತು, ಹಿಂದಿದ್ದ ಫ್ಯಾನಿನ ಸದ್ದು ಮುಂದೆ ಬಂತು. ರಿವರ್ಬ್ ಹಾಕಿದೆ, ನಡುಮನೆ ಹೋಗಿ ಕಲ್ಯಾಣ ಮಂಟಪ ಆಯ್ತು. ಕೊನೆಗೆ ಪಿಚ್ ಕರೆಕ್ಷನ್. ಅದು ದನಿಯನ್ನ 12 ಸ್ವರಸ್ಥಾನಗಳಲ್ಲಿ ಹತ್ತಿರದ್ದಕ್ಕೆ ಎಳೆದು ಕೂರಿಸುತ್ತೆ. ವೇಗ ಜಾಸ್ತಿ ಇಟ್ಟಿದ್ದೆ, ಜಾರೋ ಗಮಕಗಳೆಲ್ಲ ಮೆಟ್ಟಿಲಾದವು. ಫೋನಲ್ಲಿ ಕೇಳಿಸಿದ್ರೆ ಅಮ್ಮ "ಯಾರೋ ಇದು ಹಾಡಿರೋದು?" ಅಂದ್ಲು.

ನನ್ನ ಪ್ರಕಾರ, ಮನೆ ರೆಕಾರ್ಡಿಂಗಿಗೆ ಮೊದಲು ಬೇಕಿರೋದು ಪ್ಲಗಿನ್ ಅಲ್ಲ. ಫ್ಯಾನ್ ಆರಿಸೋದು, ಮೈಕನ್ನ ಬಾಯಿ ಹತ್ತಿರ ಇಡೋದು. ಈಗ ಎಲ್ಲ ಕಿತ್ತುಹಾಕಿ, ಗುಂಯ್ ಅನ್ನೋ ತಗ್ಗು ಸದ್ದು ಕತ್ತರಿಸೋಕೆ ಒಂದು ಈಕ್ವಲೈಸರ್ ಮಾತ್ರ ಉಳಿಸಿದೀನಿ. ಎರಡು ಕಡೆ ಶ್ರುತಿ ತಪ್ಪಿದೆ, ಇರಲಿ ಬಿಡಿ. ಏನಂತೀರಾ?