ನಿರೂಪಣೆ ಅಲಂಕಾರವಲ್ಲ

2024ರ ಜುಲೈ 11ರಂದು ನಟಿ, ನಿರೂಪಕಿ ಅಪರ್ಣಾ ತೀರಿಕೊಂಡಾಗ ‘ಮೆಟ್ರೋ ರೈಲಿನ ಧ್ವನಿ ಇನ್ನಿಲ್ಲ’ ಎಂದು ನಮ್ಮಲ್ಲನೇಕರು ಮರುಗಿದರು. ನಮ್ಮ ಸಂಘವೂ ಶ್ರದ್ಧಾಂಜಲಿಯ ನಿರ್ಣಯವನ್ನು ಅಂಗೀಕರಿಸಿತು. ಮರುಕ ಪ್ರಾಮಾಣಿಕವೇ, ಆದರೆ ಅಳತೆ ತಪ್ಪಿದೆ. ಪುಟ್ಟಣ್ಣ ಕಣಗಾಲರ ‘ಮಸಣದ ಹೂವು’ ಚಿತ್ರದಿಂದ ಬೆಳ್ಳಿತೆರೆಗೆ ಬಂದ ಈಕೆ ಆಕಾಶವಾಣಿ, ದೂರದರ್ಶನಗಳಲ್ಲಿ ನಿರೂಪಣೆಗಾಗಿ ದುಡಿದರು. ‘ಮೂಡಲ ಮನೆ’, ‘ಮುಕ್ತ’ ಧಾರಾವಾಹಿಗಳಲ್ಲಿ ಅಭಿನಯಿಸಿದರು. ‘ಮಜಾ ಟಾಕೀಸ್’ನ ವರಲಕ್ಷ್ಮಿಯಾಗಿ ನಗಿಸಿದರು. ಇವೆಲ್ಲದರ ಬೆನ್ನೆಲುಬು ಉಚ್ಚಾರಣೆಯ ಶಿಸ್ತು. ಅದನ್ನು ‘ಇಂಪಾದ ಕಂಠ’ವೆಂದು ಹೊಗಳಿ ಮುಗಿಸುವುದು ಸಾಧನೆಗೆ ಬಗೆಯುವ ಅಪಚಾರ. ಕಂಠ ಹುಟ್ಟಿನಿಂದ ಬಂದೀತು. ಅಲ್ಪಪ್ರಾಣ-ಮಹಾಪ್ರಾಣಗಳ ವಿವೇಕ, ಎಲ್ಲಿ ನಿಲ್ಲಬೇಕೆಂಬ ಅರಿವು ಅಭ್ಯಾಸದಿಂದಲೇ ಬರತಕ್ಕವು.

ಹೊರನಾಡಿನ ನಮಗೆ ಈ ಮಾತು ಹೆಚ್ಚು ತಟ್ಟಬೇಕು. ರಾಜ್ಯೋತ್ಸವಕ್ಕೆ ತಾರೆಯರನ್ನು ವಿಮಾನದಲ್ಲಿ ಕರೆಸುತ್ತೇವೆ. ನಿರೂಪಣೆಯನ್ನು ಕೊನೆಯ ಗಳಿಗೆಯಲ್ಲಿ ಯಾರದೋ ತಲೆಗೆ ಕಟ್ಟುತ್ತೇವೆ. ‘ನೆಕ್ಸ್ಟ್ ಪ್ರೋಗ್ರಾಂ ಈಗ ಸ್ಟಾರ್ಟ್ ಆಗುತ್ತೆ’ ಎಂಬ ಘೋಷಣೆಗೆ, ಸಮಿತಿಯ ಸದಸ್ಯನಾದ ನಾನೂ ಚಪ್ಪಾಳೆ ತಟ್ಟಿದ್ದೇನೆ. ಕಚೇರಿಯಲ್ಲಿ ಒಂದು ಅಲ್ಪವಿರಾಮಕ್ಕಾಗಿ ಕಡತವನ್ನು ಹಿಂದಿರುಗಿಸುವವನು ಅಂದು ಬಾಯಿ ಬಿಡಲಿಲ್ಲ.

‘ಶುದ್ಧ ಕನ್ನಡ ಮಕ್ಕಳಿಗೆ ಅರ್ಥವಾಗದು’ ಎಂಬ ಸಮರ್ಥನೆ ಸಲ್ಲದು. ಅಪರ್ಣಾ ಅವರ ಕನ್ನಡವನ್ನು ಬೆಂಗಳೂರಿನ ಮೆಟ್ರೋ ಪ್ರಯಾಣಿಕರಾರೂ ನಿಘಂಟು ಹಿಡಿದು ಕೇಳಲಿಲ್ಲ. ಹೊರನಾಡಿನ ನಮ್ಮ ಎಷ್ಟೋ ಮಕ್ಕಳು ಕನ್ನಡವನ್ನು ಓದಲಾರರು, ಕೇಳಬಲ್ಲರು ಅಷ್ಟೆ. ಆ ಕಿವಿಗಳಿಗೆ ನಾವು ಕೊಡುತ್ತಿರುವುದೇನು? ಮುಂದಿನ ನವೆಂಬರಿಗೆ ತಾರೆಯರ ಟಿಕೆಟ್ಟಿಗಿಂತ ಮೊದಲು ನಿರೂಪಕರ ತಾಲೀಮಿಗೆ ಹಣ ತೆಗೆದಿಡೋಣ. ಅದಾಗದಿದ್ದರೆ, ಶ್ರದ್ಧಾಂಜಲಿಯ ಆ ನಿರ್ಣಯವನ್ನು ನಡವಳಿ ಪುಸ್ತಕದಿಂದ ಹೊಡೆದುಹಾಕುವುದೇ ಪ್ರಾಮಾಣಿಕತೆ.