ರೋಗಾಣುವಿಗೆ ಕೊಂಬು ಬರೆಯಬೇಡಿ, ಅದರ ವಿಳಾಸ ಕೇಳಿ



ಶಾಲೆಯ ಗೋಡೆಯ ಮೇಲೆ ಅಥವಾ ಆರೋಗ್ಯ ಕೇಂದ್ರದಲ್ಲಿ ರೋಗಾಣುಗಳ ಚಿತ್ರವನ್ನು ನೀವು ನೋಡಿರಬಹುದು. ಕೆಂಪು ಕಣ್ಣು, ತಲೆಯ ಮೇಲೆ ಎರಡು ಕೊಂಬು, ಕೈಯಲ್ಲೊಂದು ಈಟಿ! ಚಿತ್ರವೇನೋ ಚೆನ್ನಾಗಿರುತ್ತದೆ. ಆದರೆ ಅದು ನಮಗೆ ಅರ್ಧ ಪಾಠವನ್ನಷ್ಟೇ ಕಲಿಸುತ್ತದೆ ಎಂಬುದು ನನ್ನ ಅಭಿಪ್ರಾಯ. ರೋಗಾಣು ಎಲ್ಲಿಂದಲೋ ದಾಳಿ ಮಾಡಲು ಬರುವ ರಾಕ್ಷಸ, ಅದನ್ನು ಕೊಂದರೆ ಕೆಲಸ ಮುಗಿಯಿತು ಎಂದು ಆ ಚಿತ್ರ ಹೇಳುತ್ತದೆ. ಇದು ಎಷ್ಟು ನಿಜ? ಆಸ್ಪತ್ರೆಗಳಲ್ಲಿ ಉಂಟಾಗುವ ರಕ್ತದ ಸೋಂಕನ್ನು ಉದಾಹರಣೆಯಾಗಿ ಇಟ್ಟುಕೊಂಡು ವಿಚಾರ ಮಾಡೋಣ.

ಯಾವುದೋ ಒಂದು ಕಾಯಿಲೆಗೆಂದು ಆಸ್ಪತ್ರೆ ಸೇರಿದವರಿಗೆ ಅಲ್ಲಿಯೇ ಇನ್ನೊಂದು ಹೊಸ ಸೋಂಕು ತಗಲುವುದುಂಟು. ಅಂಥವುಗಳಲ್ಲಿ ತುಂಬ ಗಂಭೀರವಾದುದು ರಕ್ತದ ಸೋಂಕು. ನಮ್ಮ ಚರ್ಮ ಮತ್ತು ಕರುಳಿನಲ್ಲಿ ಬ್ಯಾಕ್ಟೀರಿಯಗಳು ತುಂಬಿವೆ. ಆದರೆ ಆರೋಗ್ಯವಂತರ ರಕ್ತದಲ್ಲಿ ಅವು ನೆಲೆಸುವುದಿಲ್ಲ. ಹಲ್ಲುಜ್ಜುವಾಗ ಒಂದೆರಡು ಒಳಗೆ ನುಸುಳಿದರೂ ಬಿಳಿ ರಕ್ತಕಣಗಳು ಮತ್ತಿತರ ರಕ್ಷಕ ಕೋಶಗಳು ಅವನ್ನು ಬೇಗನೆ ತೆಗೆದುಹಾಕುತ್ತವೆ. ದೇಹ ಸೋತಿರುವವರ ರಕ್ತದಲ್ಲಿ ಅವು ಹೆಚ್ಚತೊಡಗಿದರೆ ಮಾತ್ರ ಜೀವಕ್ಕೇ ಅಪಾಯ.

ಹಾಗಾದರೆ ಈ ಬ್ಯಾಕ್ಟೀರಿಯಗಳ ವಿಳಾಸ ಯಾವುದು? ಮೊದಲನೆಯದು ಸ್ಟ್ಯಾಫಿಲೋಕಾಕಸ್ ಆರಿಯಸ್. ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಅಲೆಕ್ಸಾಂಡರ್ ಆಗ್‌ಸ್ಟನ್ 1880ರ ಸುಮಾರಿಗೆ ಇಂಥ ಬ್ಯಾಕ್ಟೀರಿಯಗಳನ್ನು ಕೀವಿನಲ್ಲಿ ಕಂಡರು. ಸೂಕ್ಷ್ಮದರ್ಶಕದಲ್ಲಿ ಅವು ದ್ರಾಕ್ಷಿ ಗೊಂಚಲಿನಂತೆ ಕಂಡವು. ಗ್ರೀಕ್ ಭಾಷೆಯ ದ್ರಾಕ್ಷಿ ಗೊಂಚಲಿನ ಪದದಿಂದಲೇ ಈ ಹೆಸರು ಬಂದಿದೆ. ಒಂದೊಂದು ಕೋಶದ ಅಗಲ ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟು. ನೂರು ಜನರಲ್ಲಿ ಸುಮಾರು 30 ಜನರ ಮೂಗಿನೊಳಗೆ ಇದು ಯಾವ ತೊಂದರೆಯನ್ನೂ ಕೊಡದೆ ವಾಸವಾಗಿರುತ್ತದೆ. ನಿಮ್ಮ ಮೂಗಿನಲ್ಲಿಯೂ ಇರಬಹುದು!

ಇದರ ಹತ್ತಿರದ ಬಂಧು ಸ್ಟ್ಯಾಫಿಲೋಕಾಕಸ್ ಎಪಿಡರ್ಮಿಡಿಸ್. ಇದರ ಮನೆ ನಮ್ಮೆಲ್ಲರ ಚರ್ಮ. ಕ್ಲೆಬ್ಸಿಯೆಲ್ಲ ಮತ್ತು ಈ ಕೋಲೈ ಕರುಳಿನಲ್ಲಿರುತ್ತವೆ. ಸ್ಯೂಡೊಮೊನಾಸ್‌ಗೆ ತೇವ ಬೇಕು. ನಲ್ಲಿಯ ಬಾಯಿ, ಸಿಂಕಿನ ಕೊಳವೆ ಅದಕ್ಕೆ ಇಷ್ಟದ ಜಾಗ. ಅಸಿನೆಟೊಬ್ಯಾಕ್ಟರ್ ಒಣಗಿದ ಮಂಚದ ಕಂಬಿಯ ಮೇಲೂ ವಾರಗಟ್ಟಲೆ ಬದುಕಿರಬಲ್ಲದು.

2001ರಲ್ಲಿ ಪ್ರಕಟವಾದ ಜರ್ಮನಿಯ ಒಂದು ಅಧ್ಯಯನ ಇಲ್ಲಿ ನೆನಪಿಡಬೇಕಾದುದು. ಸ್ಟ್ಯಾಫಿಲೋಕಾಕಸ್ ಆರಿಯಸ್‌ನಿಂದ ರಕ್ತದ ಸೋಂಕಾಗಿದ್ದ, ಮೂಗಿನಲ್ಲಿಯೂ ಅದೇ ಬ್ಯಾಕ್ಟೀರಿಯವಿದ್ದ ರೋಗಿಗಳನ್ನು ವೈದ್ಯರು ಪರೀಕ್ಷಿಸಿದರು. ಮೂಗಿನದನ್ನೂ ರಕ್ತದ್ದನ್ನೂ ಹೋಲಿಸಿ ನೋಡಿದಾಗ, ನೂರಕ್ಕೆ 80ಕ್ಕೂ ಹೆಚ್ಚು ಮಂದಿಯಲ್ಲಿ ಎರಡೂ ಒಂದೇ ತಳಿಯವಾಗಿದ್ದವು! ಎಂದರೆ ಅವರಲ್ಲಿ ಬಹಳಷ್ಟು ಮಂದಿಗೆ ತೊಂದರೆ ಕೊಟ್ಟದ್ದು ದೂರದಿಂದ ಬಂದ ರಾಕ್ಷಸನಲ್ಲ, ಅವರ ಜೊತೆಯಲ್ಲಿಯೇ ಇದ್ದ ಬಾಡಿಗೆದಾರ.

ಮನೆಯಲ್ಲಿ ಸುಮ್ಮನಿದ್ದ ಬ್ಯಾಕ್ಟೀರಿಯ ಆಸ್ಪತ್ರೆಯಲ್ಲಿ ಏಕೆ ಅಪಾಯಕಾರಿಯಾಗುತ್ತದೆ? ಬದಲಾದದ್ದು ಅದರ ಸುತ್ತಲಿನ ಪರಿಸರ. ಇಲ್ಲಿ ಮೂರು ಸಂಗತಿಗಳನ್ನು ಗಮನಿಸಬೇಕು.

ಒಂದನೆಯದು ಬಾಗಿಲು. ಚರ್ಮ ನಮ್ಮ ದೇಹದ ಕೋಟೆಗೋಡೆ. ಔಷಧಿ ಕೊಡಲು ರಕ್ತನಾಳದೊಳಗೆ ಕೆಥೀಟರ್ ಎಂಬ ಪ್ಲಾಸ್ಟಿಕ್ ಕೊಳವೆಯನ್ನು ತೂರಿಸಿದಾಗ ಆ ಗೋಡೆಯಲ್ಲಿ ಒಂದು ಕಂಡಿ ಬೀಳುತ್ತದೆ. ಚರ್ಮದ ಮೇಲಿನ ಬ್ಯಾಕ್ಟೀರಿಯಗಳು ಕೊಳವೆಗೆ ಅಂಟಿಕೊಂಡು ಲೋಳೆಯಂಥ ಪದರವನ್ನು ಕಟ್ಟಿಕೊಳ್ಳುತ್ತವೆ. ನೀರಿನ ತೊಟ್ಟಿಯ ಗೋಡೆಗೆ ಕೈಯಾಡಿಸಿದರೆ ಜಾರುತ್ತದಲ್ಲವೇ? ಅಂಥದೇ ಪದರ. ಅದರೊಳಗೆ ಕುಳಿತ ಬ್ಯಾಕ್ಟೀರಿಯಗಳಿಗೆ ಔಷಧಿ ಸುಲಭವಾಗಿ ನಾಟುವುದಿಲ್ಲ.

ಎರಡನೆಯದು ನೆರೆಹೊರೆ. ಹುಲ್ಲು ದಟ್ಟವಾಗಿರುವ ಬಯಲಿನಲ್ಲಿ ಪಾರ್ಥೇನಿಯಂ ಕಳೆಗೆ ಸುಲಭವಾಗಿ ಜಾಗ ಸಿಗುವುದಿಲ್ಲ. ಹುಲ್ಲನ್ನೆಲ್ಲ ಕೆರೆದು ನೆಲ ಬರಿದು ಮಾಡಿ, ಒಂದು ಮಳೆ ಬೀಳಲಿ. ಕಳೆ ಹೇಗೆ ಎದ್ದು ನಿಲ್ಲುತ್ತದೆ ನೋಡಿ! ನಮ್ಮ ಕರುಳಿನಲ್ಲಿಯೂ ಹೀಗೆಯೇ. ಅಲ್ಲಿರುವ ಸಾಧು ಬ್ಯಾಕ್ಟೀರಿಯಗಳು ಜಾಗವನ್ನೂ ಆಹಾರವನ್ನೂ ಹಿಡಿದಿಟ್ಟುಕೊಂಡು ಉಳಿದವಕ್ಕೆ ಹೆಚ್ಚಲು ಬಿಡುವುದಿಲ್ಲ. ಪ್ರತಿಜೈವಿಕ ಔಷಧಿ ಕೊಟ್ಟಾಗ ಇವೂ ಸಾಯುತ್ತವೆ. ಆಗ ಔಷಧಿಗೆ ಬಗ್ಗದ ಕ್ಲೆಬ್ಸಿಯೆಲ್ಲದಂಥವು ಖಾಲಿ ಜಾಗವನ್ನು ಆಕ್ರಮಿಸುತ್ತವೆ.

ಮೂರನೆಯದು ವಾಹನ. ಬ್ಯಾಕ್ಟೀರಿಯಕ್ಕೆ ಕಾಲಿಲ್ಲ, ರೆಕ್ಕೆಯಿಲ್ಲ. ಒಂದು ಹಾಸಿಗೆಯಿಂದ ಇನ್ನೊಂದು ಹಾಸಿಗೆಗೆ ಅದನ್ನು ಸಾಗಿಸುವ ಮುಖ್ಯ ವಾಹನ ಮನುಷ್ಯರ ಕೈ. ಉಪಕರಣ, ಸಿಂಕುಗಳ ಮೂಲಕವೂ ಅದು ಹರಡಬಲ್ಲದು. 2011ರಲ್ಲಿ ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿರುವ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಆಸ್ಪತ್ರೆಗೆ ಬಂದ ಒಬ್ಬ ರೋಗಿಯಲ್ಲಿ ಔಷಧಿಗಳಿಗೆ ಬಗ್ಗದ ಕ್ಲೆಬ್ಸಿಯೆಲ್ಲ ಇತ್ತು. ಅವರನ್ನು ಪ್ರತ್ಯೇಕವಾಗಿ ಇರಿಸಲಾಗಿತ್ತು. ಆದರೂ ಮುಂದಿನ ತಿಂಗಳುಗಳಲ್ಲಿ ಇನ್ನೂ 17 ರೋಗಿಗಳಿಗೆ ಅದು ಹರಡಿತು. ಆರು ಜನರ ಸಾವಿಗೆ ಈ ಸೋಂಕೇ ಕಾರಣವಾಯಿತು. ವಿಜ್ಞಾನಿಗಳು ಬ್ಯಾಕ್ಟೀರಿಯಗಳ ಡಿ.ಎನ್.ಎ. ಓದಿ ನೋಡಿದಾಗ ಎಲ್ಲವೂ ಆ ಮೊದಲ ರೋಗಿಯಲ್ಲಿದ್ದ ಬ್ಯಾಕ್ಟೀರಿಯದ ಸಂತತಿಯೆಂದು ತಿಳಿಯಿತು. ಬಲಿಷ್ಠ ಔಷಧಿಗಳೂ ಒಳ್ಳೆಯ ಉಪಕರಣಗಳೂ ಇದ್ದ ಆಸ್ಪತ್ರೆಯಲ್ಲಿಯೇ ಹೀಗಾಯಿತು.

ಇದಕ್ಕೆ ಪರಿಹಾರವೇ ಇಲ್ಲವೇ? ಇದೆ. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಡಾ. ಪೀಟರ್ ಪ್ರೊನೊವೋಸ್ಟ್ ಮತ್ತು ಸಂಗಡಿಗರು ಸುಮಾರು ನೂರು ತೀವ್ರ ನಿಗಾ ಘಟಕಗಳಲ್ಲಿ ಒಂದು ಯೋಜನೆ ನಡೆಸಿ, ಅದರ ಫಲಿತಾಂಶವನ್ನು 2006ರಲ್ಲಿ ಪ್ರಕಟಿಸಿದರು. ಅವರು ಹೊಸ ಔಷಧಿಯನ್ನೇನೂ ತರಲಿಲ್ಲ. ಐದೇ ನಿಯಮ ಮಾಡಿದರು. ಕೈ ತೊಳೆಯಿರಿ. ಕೊಳವೆ ಹಾಕುವ ಮುನ್ನ ಚರ್ಮವನ್ನು ಕ್ಲೋರ್‌ಹೆಕ್ಸಿಡಿನ್ ದ್ರಾವಣದಿಂದ ಶುಚಿಗೊಳಿಸಿ. ಮುಖಗವಸು, ಟೋಪಿ, ನಿಲುವಂಗಿ, ಕೈಗವಸು ಧರಿಸಿ, ರೋಗಿಗೆ ಶುದ್ಧ ಬಟ್ಟೆ ಹೊದಿಸಿ. ಸಾಧ್ಯವಾದಷ್ಟೂ ತೊಡೆಸಂದಿನಲ್ಲಿ ಕೊಳವೆ ಹಾಕಬೇಡಿ. ಬೇಡವಾದ ಕೊಳವೆಯನ್ನು ತೆಗೆದುಬಿಡಿ. ಯಾವುದಾದರೂ ನಿಯಮ ತಪ್ಪಿದರೆ ವೈದ್ಯರನ್ನೂ ತಡೆದು ನಿಲ್ಲಿಸಲಾಗುತ್ತಿತ್ತು. ಒಂದೂವರೆ ವರ್ಷದಲ್ಲಿ ಕೊಳವೆಯಿಂದಾಗುವ ರಕ್ತದ ಸೋಂಕು ಮೂರರಲ್ಲಿ ಎರಡು ಭಾಗದಷ್ಟು ಇಳಿಯಿತು!

ಈ ಐದು ನಿಯಮಗಳನ್ನು ಇನ್ನೊಮ್ಮೆ ಓದಿ. ಒಂದು ವಾಹನವನ್ನು ನಿಲ್ಲಿಸುತ್ತದೆ. ಉಳಿದವು ಬಾಗಿಲನ್ನು ಕಾಯುತ್ತವೆ ಅಥವಾ ಮುಚ್ಚುತ್ತವೆ. ಬ್ಯಾಕ್ಟೀರಿಯಗಳು ಎಲ್ಲಿರುತ್ತವೆ, ಹೇಗೆ ಸಾಗುತ್ತವೆ ಎಂದು ತಿಳಿದಿದ್ದರಿಂದಲೇ ಇಂಥ ನಿಯಮಗಳನ್ನು ಮಾಡಲು ಸಾಧ್ಯವಾಯಿತು.

“ಹಾಗಾದರೆ ಔಷಧಿ ಬೇಡವೇ?” ಎಂದು ನೀವು ಕೇಳಬಹುದು. ಖಂಡಿತ ಬೇಕು. ಸೋಂಕು ಆದ ಮೇಲೆ ಪ್ರತಿಜೈವಿಕಗಳೇ ಜೀವ ಉಳಿಸುತ್ತವೆ. ವೈದ್ಯರು ಬರೆದುಕೊಟ್ಟರೆ ಹೇಳಿದಷ್ಟು ದಿನ ತೆಗೆದುಕೊಳ್ಳಬೇಕು. ಆದರೆ ನೆಗಡಿಗೆಲ್ಲ ನಾವೇ ಅಂಗಡಿಯಿಂದ ಅವನ್ನು ತಂದು ನುಂಗಿದರೆ ನೆಗಡಿಯ ವೈರಸ್ ಸಾಯುವುದಿಲ್ಲ. ನಮ್ಮ ಸಾಧು ನೆರೆಯವರು ಸಾಯುತ್ತಾರೆ, ಅಷ್ಟೆ.

ನಮ್ಮೂರುಗಳಲ್ಲಿ ಇನ್ನೊಂದು ಅಭ್ಯಾಸವೂ ಇದೆ. ಸ್ವಲ್ಪ ಸುಸ್ತಾದರೂ “ಒಂದು ಬಾಟ್ಲಿ ಗ್ಲೂಕೋಸ್ ಹಾಕಿ ಡಾಕ್ಟ್ರೇ” ಎಂದು ಕೇಳುವುದು. ಇದು ನನಗೆ ಸರಿಕಾಣದು. ಬಾಯಿಂದ ನೀರು ಕುಡಿಯಲಾಗದವರಿಗೆ, ತೀರ ನಿತ್ರಾಣರಾದವರಿಗೆ ಅದು ಬೇಕೇ ಬೇಕು. ಅದನ್ನು ವೈದ್ಯರು ನಿರ್ಧರಿಸುತ್ತಾರೆ. ಕುಡಿಯಬಲ್ಲವರಿಗೆ ಓ.ಆರ್.ಎಸ್. ದ್ರಾವಣವೋ ಗಂಜಿಯೋ ಇರುವಾಗ ಕೋಟೆಯ ಗೋಡೆಯನ್ನು ಏಕೆ ತೂತು ಮಾಡಬೇಕು? ಕೈಗೆ ಹಾಕುವ ಸಣ್ಣ ಕೊಳವೆಯ ಅಪಾಯ ತೀವ್ರ ನಿಗಾ ಘಟಕದ ದೊಡ್ಡ ಕೊಳವೆಯಷ್ಟಿಲ್ಲ. ಆದರೆ ಇಲ್ಲವೇ ಇಲ್ಲ ಎಂದಲ್ಲ.

ಇನ್ನು ನೀವು ಮಾಡಬಹುದಾದದ್ದು. ಆಸ್ಪತ್ರೆಯಲ್ಲಿರುವ ಅಜ್ಜಿಯನ್ನು ನೋಡಲು ಹೋದಾಗ, ಅವರನ್ನು ಮುಟ್ಟುವ ಮೊದಲೂ ಹೊರಗೆ ಬಂದ ಮೇಲೂ ಸೋಪಿನಿಂದ ಕೈ ತೊಳೆಯಿರಿ. ಅವರ ಕೈಗೆ ಹಾಕಿದ ಕೊಳವೆಯನ್ನು ಮುಟ್ಟಬೇಡಿ. ಅದರ ಸುತ್ತ ಚರ್ಮ ಕೆಂಪಾಗಿದ್ದರೆ, ಅಜ್ಜಿ ನೋವು ಎಂದರೆ, ಸಿಸ್ಟರ್‌ಗೆ ಕೂಡಲೇ ತಿಳಿಸಿ. “ಸಿಸ್ಟರ್, ಈ ಕೊಳವೆ ಅಜ್ಜಿಗೆ ಇನ್ನೂ ಬೇಕಾ?” ಎಂದು ವಿನಯದಿಂದ ಕೇಳಿ. ಹೀಗೆ ಕೇಳುವುದು ಅಧಿಕಪ್ರಸಂಗವಲ್ಲ. ಮಿಷಿಗನ್ನಿನಲ್ಲಿ ಜೀವ ಉಳಿಸಿದ್ದು ಇಂಥ ಎಚ್ಚರವೇ.

ಮೇ 5 ವಿಶ್ವ ಕೈ ಸ್ವಚ್ಛತಾ ದಿನ. ಅದಕ್ಕಾಗಿ ಭಿತ್ತಿಚಿತ್ರ ಬರೆಯುವಾಗ ಕೊಂಬಿನ ರಾಕ್ಷಸನನ್ನು ಬಿಟ್ಟುಬಿಡಿ. ಒಂದು ಮೂಗು, ಒಂದು ನಲ್ಲಿ, ಒಂದು ಕೊಳವೆ, ಎರಡು ಕೈ ಬರೆಯಿರಿ. ಯಾವ ಬ್ಯಾಕ್ಟೀರಿಯದ ಮನೆ ಎಲ್ಲಿ, ಅದು ಹೋಗುವ ದಾರಿ ಯಾವುದು ಎಂದು ಬಾಣ ಹಾಕಿ ತೋರಿಸಿ. ಆ ದಾರಿಯನ್ನು ಎಲ್ಲಿ ತಡೆಯಬಹುದು ಎಂದು ನೋಡಿದವರೇ ಹೇಳುತ್ತಾರೆ.